ದೂರದ ಬೆಟ್ಟದ ಕಲ್ಲುಮುಳ್ಳು

ಕ್ರಿ.ಪೂ. 472ರ ವಸಂತಕಾಲ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಊರಿಗೆ ಊರೇ ಬಂದು ಕೂತಿದೆ. ಡಯೊನಿಸಸ್ ದೇವರ ಹಬ್ಬ. ನಾಟಕ ಇನ್ನೇನು ಶುರುವಾಗಬೇಕು. ಕೂತವರು ಒಮ್ಮೆ ಹಿಂದಿರುಗಿ ತಲೆಯೆತ್ತಿದರೆ ಗುಡ್ಡದ ನೆತ್ತಿಯಲ್ಲಿ ಪಾಳುಬಿದ್ದ ಗುಡಿಗಳಿವೆ. ಎಂಟು ವರ್ಷಗಳ ಹಿಂದೆ ಪರ್ಷಿಯಾದ ಸೇನೆ ಊರಿಗೆ ನುಗ್ಗಿ ಇಟ್ಟ ಬೆಂಕಿಯ ಗುರುತು ಅದು. ಇಂದು ಜಗತ್ತೇ ಹೋಗಿ ನೋಡುವ ಪಾರ್ಥೆನಾನ್ ದೇಗುಲದ ಕೆಲಸ ಆರಂಭವಾಗುವುದಕ್ಕೆ ಇನ್ನೂ 25 ವರ್ಷ ಬಾಕಿ.

ನಾಟಕ ನಡೆಯುವುದು ಅಥೆನ್ಸಿನಲ್ಲಲ್ಲ, ಶತ್ರುವಿನ ರಾಜಧಾನಿ ಸೂಸಾದಲ್ಲಿ. ದಂಡೆತ್ತಿ ಹೋದ ಮಗ ಕ್ಸರ್ಕ್ಸಿಸ್‌ನ ಸುದ್ದಿಗಾಗಿ ರಾಜಮಾತೆ ಕಾಯುತ್ತಿದ್ದಾಳೆ. ಕೆಟ್ಟ ಕನಸು ಬಿದ್ದು ನಿದ್ದೆಗೆಟ್ಟವಳು. ದೂತ ಬಂದು ಸಲಾಮಿಸ್ ಕಡಲಿನಲ್ಲಿ ಹಡಗುಗಳು ಒಡೆದದ್ದನ್ನು, ನೀರೇ ಕಾಣದಷ್ಟು ಹೆಣಗಳು ತೇಲಿದ್ದನ್ನು ಹೇಳುತ್ತಾನೆ. ಸತ್ತ ದಳಪತಿಗಳ ಹೆಸರುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಕೊನೆಗೆ ಹರಿದ ಬಟ್ಟೆಯಲ್ಲಿ ಮಗ ಬರುತ್ತಾನೆ. ಹಿರಿಯರ ಮೇಳ ಎದೆ ಬಡಿದುಕೊಂಡು ಅಳುತ್ತದೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ಇದನ್ನು ಬರೆದ ಈಸ್ಕಿಲಸ್ ಮ್ಯಾರಥಾನ್ ಕಾಳಗದಲ್ಲಿ ಇದೇ ಪರ್ಷಿಯನ್ನರ ಎದುರು ಹೋರಾಡಿದವನು; ಆ ಕಾಳಗದಲ್ಲಿ ಒಡಹುಟ್ಟಿದವನನ್ನು ಕಳೆದುಕೊಂಡವನು. ಗೆದ್ದ ಊರಿನ ಹೆಮ್ಮೆ ಈ ನಾಟಕದಲ್ಲಿ ಖಂಡಿತ ಇದೆ. ಆದರೆ ಆ ಗೆಲುವಿನ ಕಥೆಯನ್ನು ಅವನು ಹೇಳಿಸಿದ್ದು ಸೋತವರ ಬಾಯಿಂದ. ಸುಟ್ಟ ಗುಡಿಗಳ ಕೆಳಗೆ ಕೂತ ಜನ, ಗುಡಿ ಸುಟ್ಟವನ ತಾಯಿಯ ಅಳುವನ್ನು ಕೊನೆಯವರೆಗೂ ಕೇಳಿದರು. ಆ ವರ್ಷದ ಮೊದಲ ಬಹುಮಾನವನ್ನೂ ಅವನಿಗೇ ಕೊಟ್ಟರು.

ಗ್ರೀಕ್ ರುದ್ರನಾಟಕವನ್ನು ಇಂದು ಯಾಕೆ ಓದಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ದೃಶ್ಯ. ನಮಗೆ ಆಗದವರ ಮಾತನ್ನು ಕೊನೆಯವರೆಗೂ ಕೇಳುವುದು ಸುಲಭವಲ್ಲ. ಅದಕ್ಕೆ ಅಭ್ಯಾಸ ಬೇಕು, ಜಾಗ ಬೇಕು, ಸ್ವಲ್ಪ ದೂರವೂ ಬೇಕು. ಅಥೆನ್ಸಿನ ಜನ ಈ ಮೂರನ್ನೂ ಸೇರಿಸಿ ಒಂದು ಕಲೆ ಕಟ್ಟಿದರು.

ಸಾವಿರ ದ್ರಾಕ್ಮ ದಂಡ

ದೂರ ಯಾಕೆ ಬೇಕು ಎಂಬುದನ್ನು ಅವರು ಪೆಟ್ಟು ತಿಂದೇ ಕಲಿತರು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮಿಲೇಟಸ್ ನಗರವನ್ನು ನೆಲಸಮ ಮಾಡಿದರು. ಅಥೆನ್ಸಿಗೆ ಅದು ನೆಂಟರ ಊರು. ಫ್ರಿನಿಕಸ್ ಎಂಬ ನಾಟಕಕಾರ ಅದೇ ಘಟನೆಯನ್ನು ರಂಗಕ್ಕೆ ತಂದ. ಆದದ್ದೇನೆಂದು ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟಿದ್ದಾನೆ: ರಂಗಮಂದಿರಕ್ಕೆ ರಂಗಮಂದಿರವೇ ಬಿಕ್ಕಿಬಿಕ್ಕಿ ಅತ್ತಿತು. ಸ್ವಂತ ಮನೆಯ ಸಂಕಟವನ್ನು ನೆನಪಿಸಿದ್ದಕ್ಕಾಗಿ ನಗರ ಫ್ರಿನಿಕಸ್‌ಗೆ ಸಾವಿರ ದ್ರಾಕ್ಮ ದಂಡ ಹಾಕಿ, ಆ ನಾಟಕವನ್ನು ಮತ್ತೆಂದೂ ಆಡಬಾರದೆಂದು ಅಪ್ಪಣೆ ಮಾಡಿತು.

ಹಸಿ ಗಾಯವನ್ನು ಮುಟ್ಟಿದರೆ ಯಾರಾದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಮಗೆ ಉಳಿದು ಬಂದಿರುವ ರುದ್ರನಾಟಕಗಳು ಬಹುಪಾಲು ಥೀಬ್ಸ್, ಆರ್ಗಾಸ್, ಟ್ರಾಯ್ ಮುಂತಾದ ಪರವೂರುಗಳಲ್ಲಿ, ಪುರಾಣದ ಕಾಲದಲ್ಲಿ ನಡೆಯುತ್ತವೆ. ಸಮಕಾಲೀನ ಘಟನೆಯನ್ನು ಎತ್ತಿಕೊಂಡು ಉಳಿದಿರುವುದು ಈಸ್ಕಿಲಸ್‌ನ ಆ ಒಂದೇ ನಾಟಕ. ಅದೂ ಸಾವಿರ ಮೈಲಿಗೂ ಆಚೆಯ ಸೂಸಾದ ಅರಮನೆಯಲ್ಲಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇವೆ. ರುದ್ರನಾಟಕದ ದೂರ ಅದಕ್ಕೆ ತೀರಾ ತದ್ವಿರುದ್ಧ. ಕಾಲಡಿಯಲ್ಲೇ ಇದ್ದಾಗ ಕಾಣದ ಕಲ್ಲುಮುಳ್ಳು, ಬೆಟ್ಟವನ್ನು ದೂರಕ್ಕೆ ಸರಿಸಿದಾಗ ಒಂದೊಂದಾಗಿ ಕಾಣತೊಡಗುತ್ತದೆ.

ಹಬ್ಬವೂ ಹೌದು, ಸಭೆಯೂ ಹೌದು

ಈ ನಾಟಕಗಳನ್ನು ಇಂದಿನ ಸಿನಿಮಾ ಟಿಕೆಟ್ಟಿನ ಲೆಕ್ಕದಲ್ಲಿ ನೋಡಿದರೆ ಅರ್ಥವಾಗುವುದಿಲ್ಲ. ವಸಂತದ ಡಯೊನಿಸಸ್ ಹಬ್ಬದಲ್ಲಿ ಮೂವರು ಕವಿಗಳಿಗೆ ಸ್ಪರ್ಧೆ. ಒಬ್ಬೊಬ್ಬರೂ ಮೂರು ರುದ್ರನಾಟಕ, ಕೊನೆಗೊಂದು ನಗೆಯಾಟ ಆಡಿಸಬೇಕು. ಮೇಳದ ತರಬೇತಿ, ವೇಷಭೂಷಣದ ಖರ್ಚನ್ನು ಊರಿನ ಒಬ್ಬ ಸಿರಿವಂತ ಹೊರಬೇಕು. ತೆರಿಗೆಯ ಹಾಗೆ ಅದೂ ಒಂದು ಕರ್ತವ್ಯ. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಮೇಳದಲ್ಲಿ ಹಾಡಿ ಕುಣಿಯುತ್ತಿದ್ದವರು ಕಸುಬಿನ ಕಲಾವಿದರಲ್ಲ, ಊರಿನ ನಾಗರಿಕರೇ. ಮಾತನಾಡುವ ನಟರು ಮೂವರೇ. ಅವರೇ ಮುಖವಾಡ ಬದಲಿಸಿ ಎಲ್ಲ ಪಾತ್ರಗಳನ್ನೂ ಆಡಬೇಕು. ಈಗ ಆಳುವವನ ಮುಖವಾಡ ತೊಟ್ಟವನು ಮುಂದಿನ ದೃಶ್ಯದಲ್ಲಿ ಆಳಿನ ಮುಖವಾಡ ತೊಡಬಹುದು.

ಐದನೇ ಶತಮಾನ ಮುಂದುವರಿದಂತೆ ನಾಟಕಕ್ಕೆ ಮುಂಚೆ ಇನ್ನೊಂದು ಮೆರವಣಿಗೆಯೂ ನಡೆಯುತ್ತಿತ್ತು. ಯುದ್ಧದಲ್ಲಿ ತಂದೆ ಸತ್ತ ಮಕ್ಕಳನ್ನು ನಗರವೇ ಸಾಕಿ ಬೆಳೆಸಿ, ವಯಸ್ಸಿಗೆ ಬಂದಾಗ ಕವಚ ತೊಡಿಸಿ ಪ್ರೇಕ್ಷಕರ ಮುಂದೆ ನಡೆಸುತ್ತಿತ್ತು. ಅಧೀನ ನಗರಗಳು ಕೊಟ್ಟ ಕಪ್ಪಕಾಣಿಕೆಯನ್ನು ಅಲ್ಲೇ ಪ್ರದರ್ಶಿಸುತ್ತಿತ್ತು. ಬಲಪ್ರದರ್ಶನ ಮುಗಿದ ಮೇಲೆ ಅದೇ ಅಂಗಳದಲ್ಲಿ ಬಲದ ಬೆಲೆ ಏನೆಂದು ತೋರಿಸುವ ನಾಟಕ. ಗುಲಾಮರ ದುಡಿಮೆಯ ಮೇಲೆ ನಿಂತ ಊರದು. ಹೆಂಗಸರಿಗೆ ಸಭೆಯಲ್ಲಿ ಮಾತಿಲ್ಲ. ಆದರೂ ಗಂಡಸರೇ ಆಡಿದ ಆ ರಂಗದ ಮೇಲೆ ಮೆಡೀಯಾ, ಹೆಕುಬಾ, ಅಂತಿಗೊನೆ ಎಂಬ ಹೆಣ್ಣುಗಳು ಊರನ್ನೇ ಕಟಕಟೆಯಲ್ಲಿ ನಿಲ್ಲಿಸಿದರು.

ಕ್ರಿ.ಪೂ. 416ರ ಚಳಿಗಾಲದಲ್ಲಿ ಅಥೆನ್ಸ್ ತನಗೆ ಮಣಿಯದ ಮೀಲೋಸ್ ದ್ವೀಪದ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾಡಿತು. ಮುಂದಿನ ವಸಂತದಲ್ಲೇ ಯೂರಿಪಿಡೀಸ್ ‘ಟ್ರಾಯ್‌ನ ಹೆಂಗಸರು’ ಆಡಿಸಿದ. ಗೆದ್ದ ಗ್ರೀಕರು ಸೋತ ಊರಿನ ಹೆಣ್ಣುಗಳನ್ನು ಹಂಚಿಕೊಳ್ಳುವ ಕಥೆ. ಅಜ್ಜಿಯೊಬ್ಬಳು ಪುಟ್ಟ ಮೊಮ್ಮಗನ ಹೆಣವನ್ನು ಅವನ ಅಪ್ಪನ ಗುರಾಣಿಯ ಮೇಲಿಟ್ಟು ಮಣ್ಣು ಮಾಡುವ ಕಥೆ. ಆ ನಾಟಕಕ್ಕೆ ಎರಡನೇ ಬಹುಮಾನ ಬಂತು. ಅದೇ ಬೇಸಿಗೆಯಲ್ಲಿ ಅಥೆನ್ಸಿನ ನೌಕಾಪಡೆ ಸಿಸಿಲಿಯನ್ನು ಗೆಲ್ಲಲು ಹೊರಟಿತು; ಎರಡು ವರ್ಷದಲ್ಲಿ ಅಲ್ಲೇ ನಾಶವಾಯಿತು.

ನಾಟಕ ಯುದ್ಧವನ್ನು ತಡೆಯಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಕಲೆಯಿಂದ ಊರು ಉದ್ಧಾರವಾಗುತ್ತದೆ ಎಂಬ ಭರವಸೆಯನ್ನು ಗ್ರೀಕರ ಚರಿತ್ರೆ ಕೊಡುವುದಿಲ್ಲ. ಆದರೆ ಏನಾಗುತ್ತಿದೆಯೆಂದು ನಮಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯನ್ನು ಆ ನಾಟಕ ಮುಚ್ಚಿತು. ಒಂದು ಸಮಾಜದ ನಡುವೆ ನಿಂತು ಅಷ್ಟು ಮಾಡುವುದೂ ಸಣ್ಣ ಕೆಲಸವಲ್ಲ.

‘ತಪ್ಪು’ ಎಂಬ ಪದ

ಕಾಲೇಜಿನ ಗೈಡುಗಳಲ್ಲಿ ರುದ್ರನಾಟಕಕ್ಕೆ ಒಂದು ಸಿದ್ಧ ಸೂತ್ರವಿದೆ: ನಾಯಕ ದೊಡ್ಡವನು, ಅವನಲ್ಲೊಂದು ದುರ್ಗುಣ, ಅದರಿಂದ ಪತನ. ಈಡಿಪಸ್‌ನ ದುರ್ಗುಣ ಯಾವುದು? ಅಹಂಕಾರ. ಐದು ಅಂಕ. ಈ ಸೂತ್ರ ಎಷ್ಟು ತಲೆಮಾರುಗಳಿಂದ ಆ ನಾಟಕವನ್ನು ಮಕ್ಕಳಿಂದ ಮರೆಮಾಡಿದೆಯೋ!

ಗೈಡುಗಳು ದುರ್ಗುಣವೆನ್ನುವ ಕಡೆ ಅರಿಸ್ಟಾಟಲ್ ಬಳಸಿದ ಮಾತು ‘ಹಮಾರ್ತಿಯಾ’. ಎಸೆದ ಈಟಿ ಗುರಿ ಮುಟ್ಟದೆ ಹೋದಾಗ ಹೋಮರ್ ಅದರ ಮೂಲ ಕ್ರಿಯಾಪದವನ್ನು ಬಳಸುತ್ತಾನೆ. ಇಲ್ಲಿ ಕನ್ನಡದ ಓದುಗರಿಗೆ ಒಂದು ಭಾಗ್ಯವಿದೆ. ನಮ್ಮ ‘ತಪ್ಪು’ ಅದೇ ಹಾದಿಯಲ್ಲಿ ನಡೆದು ಬಂದ ಪದ. ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಮನುಷ್ಯ ತಪ್ಪು ಮಾಡುತ್ತಾನೆ. ಕೈಯ ಎಡವಟ್ಟಿನಿಂದ ಹಿಡಿದು ಘೋರ ಅಪರಾಧದವರೆಗೆ ಎಲ್ಲಕ್ಕೂ ಒಂದೇ ಧಾತು. ಈಡಿಪಸ್‌ನ ಕಥೆಯೂ ಈ ಒಂದು ಪದದ ಸುತ್ತಲೇ ಇದೆ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯೆ ಎಂಬ ದೇವವಾಣಿ ಕೇಳಿ, ಅದನ್ನು ತಪ್ಪಿಸಬೇಕೆಂದೇ ಅವನು ಹೆತ್ತವರೆಂದು ನಂಬಿದವರ ಊರು ಬಿಟ್ಟು ಓಡುತ್ತಾನೆ. ತಪ್ಪಿಸಿಕೊಳ್ಳಲು ಹಿಡಿದ ದಾರಿಯಲ್ಲೇ, ಮೂರು ಹಾದಿ ಕೂಡುವ ಕಡೆ, ಅವನಿಗೆ ಗುರುತಿಲ್ಲದ ಅಪ್ಪ ಎದುರಾಗುತ್ತಾನೆ.

ನಾಟಕ ಶುರುವಾಗುವುದು ಸಾಂಕ್ರಾಮಿಕ ರೋಗದಿಂದ. ಥೀಬ್ಸ್ ಜನ ಸಾಯುತ್ತಿದ್ದಾರೆ. ದೊರೆಯ ಬಾಗಿಲಿಗೆ ಬಂದು ಕೂತಿದ್ದಾರೆ. ಅಥೆನ್ಸಿನಲ್ಲೂ ಕ್ರಿ.ಪೂ. 430ರಲ್ಲಿ ಮಾರಿ ಹಬ್ಬಿ, ಮರುವರ್ಷ ಊರಿನ ನಾಯಕ ಪೆರಿಕ್ಲಿಸ್‌ನನ್ನೇ ಬಲಿ ತೆಗೆದುಕೊಂಡಿತ್ತು. ಆ ನೆನಪಿನಲ್ಲೇ ಸೊಫೊಕ್ಲಿಸ್ ಇದನ್ನು ಬರೆದನೆಂದು ಹಲವು ವಿದ್ವಾಂಸರ ಎಣಿಕೆ. ಈ ಪಿಡುಗಿಗೆ ಕಾರಣನಾದವನನ್ನು ಹುಡುಕಿಯೇ ತೀರುತ್ತೇನೆ ಎಂದು ದೊರೆ ಸಾರುತ್ತಾನೆ. ವಿಚಾರಣೆ ಸುತ್ತಿ ಸುತ್ತಿ ಅವನ ಬಾಗಿಲಿಗೇ ಬರುತ್ತದೆ. ಸಾಕು, ಇಲ್ಲಿಗೆ ನಿಲ್ಲಿಸು ಎಂದು ಹೆಂಡತಿ ಬೇಡಿಕೊಳ್ಳುತ್ತಾಳೆ. ಕೊನೆಯ ಸಾಕ್ಷಿಯಾದ ಮುದಿ ಕುರುಬ ಬಾಯಿಬಿಡಲು ಹೆದರಿ ನಡುಗುತ್ತಾನೆ. ಆಗಲೂ ಈಡಿಪಸ್ ಕಡತ ಮುಚ್ಚುವುದಿಲ್ಲ.

ಅಧಿಕಾರದಲ್ಲಿದ್ದವರ ಮನೆಬಾಗಿಲಿಗೆ ತನಿಖೆ ಬಂದಾಗ ಕಡತಗಳಿಗೆ ಏನಾಗುತ್ತದೆ ಎಂಬುದು ನಮಗೆ ತಿಳಿಯದ್ದಲ್ಲ. ನಿಜ ತಿಳಿದರೆ ನಾಶವಾಗುವವನು ತಾನೇ ಎಂದು ಅರಿವಾಗುತ್ತಿದ್ದರೂ ಪ್ರಶ್ನೆ ಕೇಳುವುದನ್ನು ನಿಲ್ಲಿಸದವನು ಈಡಿಪಸ್. ಅದನ್ನು ಅಹಂಕಾರವೆಂದು ಐದು ಅಂಕಕ್ಕೆ ಬರೆದು ಮುಗಿಸಿದರೆ ಅವನ ದೊಡ್ಡತನಕ್ಕೆ ಅನ್ಯಾಯ ಮಾಡಿದ ಹಾಗೆ.

ಎರಡು ಧರ್ಮಗಳ ನಡುವೆ

ಒಂದೇ ಒಂದು ನಾಟಕ ಓದುವ ಬಿಡುವಿದ್ದವರಿಗೆ ನಾನು ಹೇಳುವುದು ‘ಅಂತಿಗೊನೆ’. ಥೀಬ್ಸ್ ಪಟ್ಟಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡಿ ಇಬ್ಬರೂ ಸತ್ತಿದ್ದಾರೆ. ಊರನ್ನು ಕಾಪಾಡಿದವನಿಗೆ ಸಕಲ ಗೌರವದ ಸಂಸ್ಕಾರ. ಪರಸೈನ್ಯ ತಂದು ಊರಿನ ಮೇಲೆ ಬಿದ್ದವನ ಹೆಣ ನಾಯಿ ನರಿಗಳಿಗೆ. ಇದು ಹೊಸ ದೊರೆ, ಸೋದರಮಾವ ಕ್ರಿಯಾನ್‌ನ ಕಟ್ಟಪ್ಪಣೆ. ತಂಗಿ ಅಂತಿಗೊನೆ ಆಜ್ಞೆ ಮೀರಿ ಅಣ್ಣನ ಹೆಣದ ಮೇಲೆ ಒಂದು ಹಿಡಿ ಮಣ್ಣು ಚೆಲ್ಲುತ್ತಾಳೆ.

ಅಂತಿಗೊನೆ ಒಳ್ಳೆಯವಳು, ಕ್ರಿಯಾನ್ ಕೆಟ್ಟವನು ಎಂದುಕೊಂಡರೆ ಕೆಲಸ ಸುಲಭ. ಸೊಫೊಕ್ಲಿಸ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಂತರ್ಯುದ್ಧ ಮುಗಿದು ಒಂದು ರಾತ್ರಿಯೂ ಕಳೆದಿಲ್ಲ. ಊರಿಗೆ ಮುತ್ತಿಗೆ ಹಾಕಿದವನಿಗೂ ಊರನ್ನು ಉಳಿಸಿದವನಿಗೂ ಒಂದೇ ಮರ್ಯಾದೆಯೇ ಎಂಬ ಕ್ರಿಯಾನ್‌ನ ಪ್ರಶ್ನೆಯಲ್ಲಿ ತೂಕವಿದೆ. ದ್ರೋಹಿಗಳನ್ನು ತಮ್ಮ ನೆಲದಲ್ಲಿ ಹೂಳಬಾರದೆಂಬ ಕಟ್ಟಳೆ ಅಥೆನ್ಸಿನಲ್ಲೂ ಇತ್ತು. ಇಬ್ಬರೂ ಮತ್ತೆ ಮತ್ತೆ ‘ನೊಮೊಸ್’ ಎಂಬ ಒಂದೇ ಪದ ಎತ್ತುತ್ತಾರೆ. ಅವನ ಬಾಯಲ್ಲಿ ಅದು ನಗರದ ಶಾಸನ, ಅವಳ ಬಾಯಲ್ಲಿ ಯಾರೂ ಬರೆದಿಡದ ದೈವದ ಕಟ್ಟಳೆ. ಬೇರೆ ಭಾಷೆಯವರು ಇದನ್ನು ಟಿಪ್ಪಣಿ ಹಾಕಿ ವಿವರಿಸಬೇಕಾಗುತ್ತದೆ. ನಮಗೆ ‘ಧರ್ಮ’ ಎಂದರೆ ಸಾಕು. ರಾಜಧರ್ಮವೂ ಧರ್ಮ, ಒಡಹುಟ್ಟಿದವಳ ಧರ್ಮವೂ ಧರ್ಮ. ಒಂದನ್ನು ಪಾಲಿಸಿದರೆ ಇನ್ನೊಂದು ಕೆಡುತ್ತದೆ.

ಈ ನಾಟಕದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ನಡುವಿನ ಒಂದು ದೃಶ್ಯದಲ್ಲಿ. ಕ್ರಿಯಾನ್‌ನ ಮಗ ಹೇಮನ್ ಬರುತ್ತಾನೆ. ಅಂತಿಗೊನೆಗೆ ಗೊತ್ತಾದ ವರ ಅವನು. ಕೂಗಾಡುವುದಿಲ್ಲ. ಅಪ್ಪ, ನಾನು ನಿಮ್ಮವನು ಎಂದೇ ಮಾತು ತೆಗೆಯುತ್ತಾನೆ. ನಿಮ್ಮೆದುರು ಬಾಯಿ ಬಿಡದ ಜನ ಕತ್ತಲಲ್ಲಿ ಏನು ಗುಸುಗುಸು ಆಡಿಕೊಳ್ಳುತ್ತಿದ್ದಾರೆಂದು ನನ್ನ ಕಿವಿಗೆ ಬೀಳುತ್ತದೆ ಎನ್ನುತ್ತಾನೆ. ನೆರೆ ಬಂದಾಗ ಬಾಗುವ ಮರ ರೆಂಬೆಯನ್ನೂ ಉಳಿಸಿಕೊಳ್ಳುತ್ತದೆ, ಸೆಟೆದು ನಿಂತದ್ದು ಬೇರು ಸಮೇತ ಹೋಗುತ್ತದೆ ಎಂದು ನೆನಪಿಸುತ್ತಾನೆ. ಅಪ್ಪನ ಉತ್ತರ ಒಂದೇ: ಈ ವಯಸ್ಸಿನವನಿಂದ ನಾನು ಬುದ್ಧಿ ಕಲಿಯಬೇಕೇ? ಮಾತಿಗೆ ಮಾತು ಬೆಳೆಯುತ್ತದೆ. ಮೊದಮೊದಲು ಉದ್ದುದ್ದ ಇದ್ದ ಸರದಿ ಕುಗ್ಗಿ ಕುಗ್ಗಿ ಒಂದೊಂದು ಸಾಲಿನ ಏಟಾಗುತ್ತದೆ. ಊರು ಆಳುವವನ ಸ್ವತ್ತು ಎಂದು ಅಪ್ಪ ಹೇಳಿದಾಗ, ಹಾಗಾದರೆ ಜನರಿಲ್ಲದ ಬಯಲಲ್ಲಿ ನೀವು ಚೆನ್ನಾಗಿಯೇ ಆಳುತ್ತೀರಿ ಎನ್ನುತ್ತಾನೆ ಮಗ. ಇಬ್ಬರೂ ಬೇರೆಯಾಗುತ್ತಾರೆ. ಸಂಜೆಯೊಳಗೆ ಮಗನೂ ಇಲ್ಲ, ಸೊಸೆಯಾಗಬೇಕಿದ್ದವಳೂ ಇಲ್ಲ, ಹೆಂಡತಿಯೂ ಇಲ್ಲ. ಕ್ರಿಯಾನ್‌ಗೆ ತಪ್ಪು ಅರಿವಾಗಿತ್ತು, ಸರಿಪಡಿಸಲು ಓಡಿಯೂ ಇದ್ದ. ಹೊತ್ತು ಮೀರಿತ್ತು.

ಇದೇ ನಾಟಕದಲ್ಲಿ ಮನುಷ್ಯನ ಜಾಣ್ಮೆಯನ್ನು ಕೊಂಡಾಡುವ ಮೇಳದ ಹಾಡೊಂದಿದೆ. ಕಡಲು ದಾಟುವ, ನೆಲ ಉಳುವ, ರೋಗಕ್ಕೆ ಮದ್ದು ಹುಡುಕುವ ಪ್ರಾಣಿ ಮನುಷ್ಯ. ಅವನಿಗೆ ಕವಿ ಕೊಟ್ಟ ವಿಶೇಷಣ ‘ದೆಯ್ನೊಸ್’: ಅದ್ಭುತವೂ ಹೌದು, ಭೀಕರವೂ ಹೌದು. ‘ಅವನು ಭಯಂಕರ ಬುದ್ಧಿವಂತ’ ಎಂದು ನಾವು ಮೆಚ್ಚಿಗೆಯಿಂದ ಹೇಳುವಾಗ ಆ ಗ್ರೀಕ್ ಪದದ ಎರಡೂ ಮುಖ ನಮ್ಮ ನಾಲಿಗೆಯ ಮೇಲಿರುತ್ತವೆ. ಪರಮಾಣು ಒಡೆದ ಕಾಲದಲ್ಲಿ ಬದುಕುವ ನಮಗೆ ಇದಕ್ಕಿಂತ ಸರಿಯಾದ ಬಣ್ಣನೆ ಸಿಗುವುದು ಕಷ್ಟ.

ಮಾತು ಹೊರಡದವರಿಗೆ ಮಾತು

ಈ ನಾಟಕಗಳನ್ನು ಕಷ್ಟದಲ್ಲಿದ್ದವರು ಹುಡುಕಿಕೊಂಡು ಹೋಗಿದ್ದಾರೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೈದಿಗಳು ‘ಅಂತಿಗೊನೆ’ ಆಡಿದರು. ನೆಲ್ಸನ್ ಮಂಡೇಲಾ ಅದರಲ್ಲಿ ತೊಟ್ಟ ವೇಷ ಕ್ರಿಯಾನ್‌ನದು ಎಂದು ಅವರ ಆತ್ಮಕಥೆಯಲ್ಲೇ ಇದೆ. ಕಾನೂನು ಮುರಿದು ಜೈಲು ಸೇರಿದವರು ಕಾನೂನು ಹೇರುವವನ ಬಾಯಿಂದ ಮಾತನಾಡಿದರು. ಮಂಡೇಲಾ 1994ರಲ್ಲಿ ದೇಶದ ಅಧ್ಯಕ್ಷರಾದರು. 2013ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಯುದ್ಧದಿಂದ ಓಡಿಬಂದ ಸಿರಿಯಾದ ಹೆಂಗಸರು ‘ಟ್ರಾಯ್‌ನ ಹೆಂಗಸರು’ ನಾಟಕಕ್ಕೆ ತಮ್ಮ ಕಥೆಗಳನ್ನು ಬೆಸೆದು ಅರಬ್ಬಿಯಲ್ಲಿ ಆಡಿದರು.

ಅಮೆರಿಕದಲ್ಲಿ ಬ್ರಯಾನ್ ಡೋರಿಸ್ ಎಂಬ ನಿರ್ದೇಶಕರು 2008ರಿಂದ ಸೈನಿಕರ ಮುಂದೆ ಸೊಫೊಕ್ಲಿಸ್‌ನ ‘ಏಜಾಕ್ಸ್’ ಓದಿಸುತ್ತಾ ಬಂದಿದ್ದಾರೆ. ಏಜಾಕ್ಸ್ ಮಹಾವೀರ. ಅವಮಾನದಿಂದ ಬುದ್ಧಿ ಕೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದುಹಾಕುತ್ತಾನೆ. ಎಚ್ಚರವಾದಾಗ ನಾಚಿಕೆಯಿಂದ ಊಟ ಬಿಟ್ಟು, ಮಾತು ಬಿಟ್ಟು ಕೂರುತ್ತಾನೆ. ಹೆಂಡತಿಯಂತೆ ಜೊತೆಗಿದ್ದ ಟೆಕ್ಮೆಸ್ಸಾ ಅದನ್ನು ನೋಡಿ ತಲ್ಲಣಿಸುತ್ತಾಳೆ. ಅವಳು ಎಷ್ಟು ಬೇಡಿದರೂ ಅವನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಸ್ಯಾನ್ ಡಿಯೇಗೊದ ಮೊದಲ ಓದು ಮುಗಿದಾಗ, ಗಂಡನನ್ನು ಮತ್ತೆ ಮತ್ತೆ ಯುದ್ಧಕ್ಕೆ ಕಳಿಸಿದ ಹೆಣ್ಣುಮಗಳೊಬ್ಬರು ಎದ್ದು ನಿಂತರು. ತಮ್ಮ ಮನೆಯ ಕಥೆಯನ್ನು ಏಜಾಕ್ಸ್‌ನ ಕಥೆಯ ಮೂಲಕವೇ ಹೇಳಿದರು. ಮುಕ್ಕಾಲು ಗಂಟೆಗೆಂದು ಇಟ್ಟುಕೊಂಡಿದ್ದ ಚರ್ಚೆ ಗಂಟೆಗಟ್ಟಲೆ ನಡೆಯಿತು. ತಮ್ಮ ಬಗ್ಗೆ ಹೇಳಿ ಎಂದರೆ ಬಾಯಿ ಬಿಡದವರು ಏಜಾಕ್ಸ್‌ನ ಬಗ್ಗೆ ಮಾತನಾಡಬಲ್ಲರು. ಫ್ರಿನಿಕಸ್ ದಂಡ ಕಟ್ಟಿ ಕಲಿಸಿದ ಪಾಠ ಅಲ್ಲಿ ಕೆಲಸ ಮಾಡಿತ್ತು.

ನಮಗೂ ಆ ಪಾಠ ಬೇಕಾದ ದಿನಗಳು ಬಂದುಹೋದವು. 2020ರ ಜೂನ್ ಕೊನೆಯಲ್ಲಿ, ಕೋವಿಡ್‌ನಿಂದ ಸತ್ತವರ ದೇಹಗಳನ್ನು ಬಳ್ಳಾರಿಯಲ್ಲಿ ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯ ಹೊರಬಂದಾಗ ನಾಡು ಬೆಚ್ಚಿಬಿತ್ತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ, ನಿಯಮಗಳಿಗೆ ಕಾರಣವಿತ್ತು. ಅಪ್ಪನ ಮುಖ ಕೊನೆಗೊಮ್ಮೆ ನೋಡಲಾಗದ ಮಕ್ಕಳ ಸಂಕಟವೂ ಸುಳ್ಳಾಗಿರಲಿಲ್ಲ. ಯಾರು ಸರಿ ಎಂದು ಜಗಳವಾಡಿದೆವೇ ಹೊರತು, ಇಬ್ಬರೂ ಸರಿಯಿದ್ದಾಗ ಏನು ಮಾಡಬೇಕೆಂದು ಕೂತು ಮಾತನಾಡಲಿಲ್ಲ. ಅಂತಿಗೊನೆಗೆ ನಮ್ಮ ಜಾತಿಯಿಲ್ಲ, ಕ್ರಿಯಾನ್‌ಗೆ ನಮ್ಮ ಪಕ್ಷವಿಲ್ಲ. ಅವರಿಬ್ಬರನ್ನು ನಡುವೆ ಕೂರಿಸಿಕೊಂಡರೆ ಇಂಥ ಮಾತು ಶುರು ಮಾಡಬಹುದು.

ಕನ್ನಡಕ್ಕೆ ಬಂದ ದಾರಿ

ಗ್ರೀಕರ ಕಥೆಯಲ್ಲಿ ನಮ್ಮ ಕಥೆ ಕಾಣಬಹುದೆಂದು ನಮಗಿಂತ ಮೊದಲೇ ಬಲ್ಲವರು ಬಿ.ಎಂ. ಶ್ರೀಕಂಠಯ್ಯ. ಏಜಾಕ್ಸ್‌ನ ಕಥೆ ಓದಿದ ಅವರಿಗೆ, ಮಲಗಿದ್ದವರ ಮೇಲೆ ಆಯುಧ ಎತ್ತಿದ ನಮ್ಮ ಅಶ್ವತ್ಥಾಮ ಕಂಡ. 1929ರಲ್ಲಿ ‘ಅಶ್ವತ್ಥಾಮನ್’ ಬಂತು. 1935ರಲ್ಲಿ ಈಸ್ಕಿಲಸ್‌ನ ಆ ಹಳೆಯ ನಾಟಕವೇ ‘ಪಾರಸಿಕರು’ ಎಂದು ಕನ್ನಡವಾಯಿತು. ಸೂಸಾದ ರಾಜಮಾತೆ ಕನ್ನಡದಲ್ಲಿ ಅತ್ತಳು. ಮುಂದೆ ಪಿ. ಲಂಕೇಶ್ ಸೊಫೊಕ್ಲಿಸ್‌ನ ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ ನಾಟಕಗಳನ್ನು ಆಡುಮಾತಿಗೆ ಹತ್ತಿರದ ಕನ್ನಡಕ್ಕೆ ತಂದರು. 1970ರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಈಡಿಪಸ್‌ನನ್ನು ಬೆಂಗಳೂರಿನ ಬಯಲಿಗೆ ತಂದು ನಿಲ್ಲಿಸಿದರು. ಮೇಳ, ಮುಖವಾಡ, ಬಯಲು, ದೇವರ ಹಬ್ಬ ಎಂದರೆ ಯಕ್ಷಗಾನ ಬಯಲಾಟ ಕಂಡ ನಾಡಿಗೆ ವಿವರಿಸಿ ಹೇಳಬೇಕಾದ್ದೇನಿದೆ?

ಉಳಿದು ಬಂದದ್ದೂ ಕೊಂಚವೇ. ಸೊಫೊಕ್ಲಿಸ್ ಬರೆದದ್ದು 120ಕ್ಕೂ ಹೆಚ್ಚು ನಾಟಕ. ಇಡಿಯಾಗಿ ಉಳಿದವು ಏಳು. ಈಸ್ಕಿಲಸ್‌ನ ಹೆಸರಿನಲ್ಲಿ ಏಳು, ಯೂರಿಪಿಡೀಸ್‌ನ ಹೆಸರಿನಲ್ಲಿ ಹತ್ತೊಂಬತ್ತು. ಅಥೆನ್ಸಿನ ಅಧಿಕೃತ ಪ್ರತಿಗಳನ್ನು ಈಜಿಪ್ಟಿನ ದೊರೆ ಟಾಲೆಮಿ 15 ಟ್ಯಾಲೆಂಟ್ ಬೆಳ್ಳಿ ಒತ್ತೆಯಿಟ್ಟು ತರಿಸಿಕೊಂಡು, ನಕಲು ಮಾಡಿಸಿ ನಕಲನ್ನೇ ಹಿಂದಿರುಗಿಸಿದನಂತೆ. ಒತ್ತೆಯ ಬೆಳ್ಳಿ ಹೋದರೂ ಚಿಂತೆಯಿಲ್ಲವೆಂದು ಮೂಲವನ್ನು ಇಟ್ಟುಕೊಂಡನಂತೆ. ವೈದ್ಯ ಗ್ಯಾಲೆನ್ ಹೇಳಿದ ಕಥೆ ಇದು. ಅದೇ ಈಜಿಪ್ಟಿನ ಮರಳು 2022ರಲ್ಲಿ ಒಂದು ಪಪೈರಸ್ ತುಣುಕನ್ನು ಹೊರಗೆ ಕೊಟ್ಟಿತು. ಕಳೆದುಹೋದ ಯೂರಿಪಿಡೀಸ್ ನಾಟಕಗಳೆರಡರ ನೂರರ ಆಸುಪಾಸಿನ ಸಾಲುಗಳು ಅದರಲ್ಲಿದ್ದವು.

ಎಲ್ಲಿಂದ ಶುರು ಮಾಡುವುದು

ಗ್ರೀಕ್ ಕಲಿಯಬೇಕಿಲ್ಲ, ಪೀಠಿಕೆಗಳನ್ನೆಲ್ಲ ಮುಗಿಸಿ ಬರಬೇಕಿಲ್ಲ. ‘ಅಂತಿಗೊನೆ’ಯಿಂದ ಶುರು ಮಾಡಿ, ‘ಈಡಿಪಸ್’ ಓದಿ, ಆಮೇಲೆ ‘ಪಾರಸಿಕರು’. ಮೇಳದ ಹಾಡುಗಳನ್ನು ಹಾರಿಸಬೇಡಿ. ಊರು ಉಸಿರಾಡುವುದು ಅಲ್ಲಿ. ಮನಸ್ಸಿನಲ್ಲೇ ಓದಿಕೊಳ್ಳದೆ ಗಟ್ಟಿಯಾಗಿ ಓದಿ, ಸಾಧ್ಯವಾದರೆ ನಾಲ್ಕು ಜನ ಕೂತು. ಒಂದೂವರೆ ಗಂಟೆಯಲ್ಲಿ ಒಂದು ನಾಟಕ ಮುಗಿಯುತ್ತದೆ.

ಅಷ್ಟಕ್ಕೂ ಪುರುಸೊತ್ತಿಲ್ಲದಿದ್ದರೆ ಹೇಮನ್ ಮತ್ತು ಕ್ರಿಯಾನ್‌ರ ಆ ಒಂದು ದೃಶ್ಯ ಸಾಕು. ಮನೆಯಲ್ಲಿ ಬೆಳೆದ ಮಗನೋ ಮಗಳೋ ಇದ್ದರೆ ಒಂದು ಭಾನುವಾರ ಎದುರುಬದುರು ಕೂತುಕೊಳ್ಳಿ. ಮೊದಲ ಸಲ ದೊಡ್ಡವರು ಅಪ್ಪನ ಮಾತು ಓದಲಿ, ಚಿಕ್ಕವರು ಮಗನದು. ಮುಗಿದ ಮೇಲೆ ಪುಸ್ತಕ ಕೈ ಬದಲಾಗಲಿ. ಈಗ ದೊಡ್ಡವರು ಹೇಮನ್ ಆಗಿ, ನೆರೆಯಲ್ಲಿ ಬಾಗುವ ಮರದ ಮಾತನ್ನು ತಮ್ಮ ಮಕ್ಕಳೆದುರು ಗಟ್ಟಿಯಾಗಿ ಹೇಳಲಿ.